ನಿಧಾನಗತಿಯ ಲಿಂಫೋಮಾ: ಔಷಧ ಕೊಡದೆ ಕಾಯಲು ವೈದ್ಯರು ಹೇಳುವುದೇಕೆ

ಮುಧೋಳ ತಾಲ್ಲೂಕಿನಲ್ಲಿರುವ ನಮ್ಮ ಕಾಕಾ ಅವರ ಕೊರಳಿನ ಎಡಬದಿಯಲ್ಲಿ ಅಡಿಕೆ ಗಾತ್ರದ ಗಂಟೊಂದು ಕಾಣಿಸಿಕೊಂಡು ವರ್ಷದ ಮೇಲಾಗಿದ್ದರೂ, ಅದು ನೋಯುತ್ತಿರಲಿಲ್ಲವೆಂಬ ಕಾರಣಕ್ಕೆ ಮನೆಯಲ್ಲಿ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕಬ್ಬಿನ ಹಂಗಾಮು ಮುಗಿದ ಮೇಲೆ ತೋರಿಸಿದಾಗ, ಸೂಜಿ ಹಾಕಿ ಪರೀಕ್ಷೆ ಮಾಡಿ, ಕ್ಷಯದ ಗಂಟಿರಬಹುದೆಂದು ಆರು ತಿಂಗಳ ಗುಳಿಗೆ ಕೊಟ್ಟರು. ಗುಳಿಗೆ ಮುಗಿದರೂ ಗಂಟು ಕರಗಲಿಲ್ಲ. ಕಂಕುಳಲ್ಲಿ ಇನ್ನೆರಡು ಕೈಗೆ ಹತ್ತಿದವು. ಕೊನೆಗೆ ಬೆಳಗಾವಿಗೆ ಕರೆದೊಯ್ದು ಒಂದು ಗಂಟನ್ನು ಇಡಿಯಾಗಿ ತೆಗೆಸಿ ಪರೀಕ್ಷೆಗೆ ಕಳಿಸಿದಾಗ ಬಂದ ವರದಿಯಲ್ಲಿ ‘ಫಾಲಿಕ್ಯುಲರ್ ಲಿಂಫೋಮಾ’ ಎಂದು ಬರೆದಿತ್ತು. ಇದು ರಕ್ತದ ಬಿಳಿಕೋಶಗಳಿಗೆ ಸೇರಿದ ಒಂದು ಬಗೆಯ ಕ್ಯಾನ್ಸರ್ ಎಂದು ವಿವರಿಸಿದ ವೈದ್ಯರು, ಸದ್ಯಕ್ಕೆ ಯಾವ ಔಷಧವೂ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದರು. ಬಸ್ಸಿನಲ್ಲಿ ಮರಳುವಾಗ ಕಾಕು ನನ್ನ ಕೈ ಹಿಡಿದು, “ಏನೂ ಕೊಡೂದಿಲ್ಲ ಅಂದ್ರ ಕೈ ಚೆಲ್ಲ್ಯಾರ ಅಂತನ ಅರ್ಥ, ಮುಚ್ಚಿಡಬ್ಯಾಡ ತಮ್ಮಾ” ಎಂದರು.

ನಾನು ವೈದ್ಯನಲ್ಲ, ಬಾಗಲಕೋಟೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವನು. ಅಂದು ಕಾಕುವಿಗೆ ಸರಿಯಾದ ಉತ್ತರ ಕೊಡಲು ನನಗಾಗಲಿಲ್ಲ. ವೈದ್ಯರ ಆ ಒಂದು ಮಾತಿನ ಹಿಂದೆ ನಾಲ್ಕು ದಶಕಗಳ ಸಂಶೋಧನೆಯಿದೆ ಎಂಬುದು ಆಮೇಲೆ ಓದುತ್ತ ಹೋದಂತೆ ತಿಳಿಯಿತು. ಆ ಸಂಶೋಧನೆ ಕೇಳುತ್ತ ಬಂದಿರುವ ಪ್ರಶ್ನೆಯೂ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಯಲ್ಲ. ‘ಈ ಔಷಧದಿಂದ ಗಂಟು ಕರಗುತ್ತದೆಯೇ’ ಎಂದು ನಾವು ಕೇಳುತ್ತೇವೆ. ಹದಿನೈದು ಇಪ್ಪತ್ತು ವರ್ಷ ಜೊತೆಗೇ ಇರಬಹುದಾದ ರೋಗದಲ್ಲಿ ಕೇಳಬೇಕಾದದ್ದು, ‘ಈ ಔಷಧವನ್ನು ಇಂದೇ ಕೊಡುವುದರಿಂದ ರೋಗಿಯ ಒಟ್ಟು ಬದುಕಿಗೆ ಏನು ಸಿಗುತ್ತದೆ, ಏನು ಕಳೆಯುತ್ತದೆ’ ಎಂದು.

ಸಾಯಲೊಲ್ಲದ ಕೋಶ

ಕೊರಳು, ಕಂಕುಳು, ತೊಡೆಸಂದು, ಹೊಟ್ಟೆಯ ಒಳಭಾಗ ಹೀಗೆ ಮೈತುಂಬ ಹರಡಿಕೊಂಡಿರುವ ದುಗ್ಧಗ್ರಂಥಿಗಳು ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್ ಕೋಶಗಳ ಠಾಣೆಗಳಿದ್ದಂತೆ. ಸೋಂಕು ಬಂದಾಗ ಅಲ್ಲಿನ ಬಿ ಕೋಶಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಕೆಲಸ ಮುಗಿದ ಮೇಲೆ ಬಹುಪಾಲು ತಾವಾಗಿಯೇ ಸಾಯಬೇಕು. ಹಾಗೆ ಸಾಯುವುದು ಆರೋಗ್ಯದ ಲಕ್ಷಣ. ಫಾಲಿಕ್ಯುಲರ್ ಲಿಂಫೋಮಾದ ಬಹುಪಾಲು ರೋಗಿಗಳಲ್ಲಿ, ಎಂದೋ ಒಂದು ಬಿ ಕೋಶದೊಳಗೆ 14ನೆಯ ಮತ್ತು 18ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಕೋಶದ ಸಾವನ್ನು ತಡೆಯುವ ಬಿಸಿಎಲ್-2 ಎಂಬ ಪ್ರೋಟೀನು ನಿಲ್ಲದೆ ತಯಾರಾಗತೊಡಗಿರುತ್ತದೆ. ಆ ಕೋಶ ಅವಸರದಿಂದ ಹೆಚ್ಚುವುದಿಲ್ಲ, ಆದರೆ ಸಾಯಬೇಕಾದಾಗ ಸಾಯುವುದೂ ಇಲ್ಲ. ಗಂಟು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವುದಕ್ಕೆ ಕಾರಣ ಇದೇ.

ಕೀಮೋಥೆರಪಿಯ ಔಷಧಗಳು ಮುಖ್ಯವಾಗಿ ವೇಗವಾಗಿ ವಿಭಜನೆಯಾಗುತ್ತಿರುವ ಕೋಶಗಳನ್ನು ಕೊಲ್ಲುತ್ತವೆ. ಆದ್ದರಿಂದಲೇ ವೇಗವಾಗಿ ಬೆಳೆಯುವ ದೊಡ್ಡ ಬಿ ಕೋಶದ ಲಿಂಫೋಮಾವನ್ನು, ಅದು ಕೆಲವೇ ತಿಂಗಳಲ್ಲಿ ಜೀವ ತೆಗೆಯಬಲ್ಲದ್ದಾದರೂ, ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಪೂರ್ತಿ ಗುಣಪಡಿಸಲು ಸಾಧ್ಯವಿದೆ. ನಿಧಾನಗತಿಯದ್ದು ಮೈಯಲ್ಲಿ ಹರಡಿದ ಮೇಲೆ ಸಾಮಾನ್ಯವಾಗಿ ಬೇರುಸಹಿತ ಹೋಗುವುದಿಲ್ಲ. ನಮ್ಮ ಎರೆಹೊಲಗಳಲ್ಲಿ ಕರಕಿ ಹೇಗೋ ಹಾಗೆ: ಮೇಲೆ ಹರಗಿದರೆ ಹೊಲ ಹಸನಾಗಿ ಕಾಣುತ್ತದೆ, ಆದರೆ ಬೇರು ಕೆಳಗೇ ಇರುತ್ತದೆ. ಕಾಕಾನಿಗೆ ನಾನು ರೋಗವನ್ನು ವಿವರಿಸಿದ್ದು ಈ ಹೋಲಿಕೆಯಿಂದಲೇ. “ಹಂಗಾದ್ರ ದಿನಾ ಹರಗಿದ್ರ ಹೊಲಾನ ಹಾಳಾಕ್ಕೈತಿ” ಎಂದು ಅವರು ಹೇಳಿದ ಮಾತು ಸಂಶೋಧಕರ ಚಿಂತೆಗೆ ಬಹಳ ಹತ್ತಿರದಲ್ಲಿದೆ.

ನಿಧಾನಗತಿಯ ಲಿಂಫೋಮಾ ಎಂಬುದು ಒಂದೇ ರೋಗವಲ್ಲ. ಫಾಲಿಕ್ಯುಲರ್ ಅವುಗಳಲ್ಲಿ ಹೆಚ್ಚು ಕಾಣುವಂಥದ್ದು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಅದರ ಪ್ರಮಾಣ ಕಡಿಮೆ. ಜಠರ, ಕಣ್ಣಿನ ಸುತ್ತ, ಗುಲ್ಮ (ಸ್ಪ್ಲೀನ್) ಮುಂತಾದ ಕಡೆ ಹುಟ್ಟುವ ಮಾರ್ಜಿನಲ್ ಝೋನ್ ಲಿಂಫೋಮಾ, ರಕ್ತವನ್ನು ಮಂದವಾಗಿಸುವ ವಾಲ್ಡೆನ್‌ಸ್ಟ್ರಾಮ್ ರೋಗ, ಸಣ್ಣ ಲಿಂಫೋಸೈಟಿನ ಲಿಂಫೋಮಾ ಇವೂ ಇದೇ ಗುಂಪಿನವು. ಯಾವುದೆಂದು ಖಚಿತವಾಗಿ ತಿಳಿಯಲು ಸೂಜಿಯಿಂದ ಹೀರಿದ ನಾಲ್ಕು ಕೋಶಗಳು ಸಾಲವು. ಗ್ರಂಥಿಯೊಳಗೆ ಕೋಶಗಳು ಯಾವ ವಿನ್ಯಾಸದಲ್ಲಿ ಕೂತಿವೆ ಎಂಬುದನ್ನು ನೋಡಬೇಕಾಗುತ್ತದೆ, ಅದಕ್ಕೆ ಸಾಧ್ಯವಾದರೆ ಇಡೀ ಗ್ರಂಥಿಯನ್ನೇ ತೆಗೆದು ವಿಶೇಷ ಬಣ್ಣಗಳ ಪರೀಕ್ಷೆ ಮಾಡಬೇಕು. ಕ್ಷಯ ಸಾಮಾನ್ಯವಾಗಿರುವ ನಮ್ಮ ಭಾಗದಲ್ಲಿ ಕೊರಳ ಗಂಟನ್ನು ಮೊದಲು ಕ್ಷಯವೆಂದು ಸಂಶಯಿಸುವುದು ತಪ್ಪಲ್ಲ. ರೋಗಾಣುವಿನ ಪುರಾವೆಯಿಲ್ಲದೆ ತಿಂಗಳುಗಟ್ಟಲೆ ಗುಳಿಗೆ ನುಂಗಿಸಿ, ಗಂಟು ಕರಗದಿದ್ದರೂ ಬಯಾಪ್ಸಿ ಮಾಡಿಸದೆ ಕೂರುವುದು ಮಾತ್ರ ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕಾಯುವುದನ್ನೂ ಪರೀಕ್ಷಿಸಿಯೇ ಕಲಿತದ್ದು

1984ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರಾದ ಸಾಂಡ್ರಾ ಹಾರ್ನಿಂಗ್ ಮತ್ತು ಸಾಲ್ ರೋಸೆನ್‌ಬರ್ಗ್ ಅವರು, ಆರಂಭದಲ್ಲಿ ಚಿಕಿತ್ಸೆಯನ್ನೇ ಕೊಡದೆ ಗಮನವಿಟ್ಟು ನೋಡಿಕೊಂಡ 83 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರಿಗೆ ಚಿಕಿತ್ಸೆ ಬೇಕಾಗುವ ಹೊತ್ತಿಗೆ ಮಧ್ಯಾಂಕದ ಲೆಕ್ಕದಲ್ಲಿ ಮೂರು ವರ್ಷ ಕಳೆದಿದ್ದವು, ಅಂದರೆ ಅರ್ಧದಷ್ಟು ಜನ ಅಷ್ಟು ಕಾಲವನ್ನು ಔಷಧವಿಲ್ಲದೆಯೇ ದಾಟಿದ್ದರು. ಇನ್ನೂ ಸೋಜಿಗದ ಸಂಗತಿಯೆಂದರೆ, 19 ಜನರಲ್ಲಿ ಗಂಟುಗಳು ತಾವಾಗಿಯೇ ಕುಗ್ಗಿದ್ದವು. ಯಾವ ಬೇರು ತೊಗಟೆಯ ಕಷಾಯವನ್ನೂ ಕುಡಿಯದೆ ಹೀಗೆ ಕುಗ್ಗುವುದುಂಟು ಎಂಬುದನ್ನು ನಮ್ಮ ಊರುಗಳಲ್ಲಿ ಒತ್ತಿ ಹೇಳಬೇಕಾಗಿದೆ. ಇಂಥ ರೋಗದಲ್ಲಿ ಯಾರೋ ಕೊಟ್ಟ ಪುಡಿಯಿಂದ ಗಂಟು ಇಳಿಯಿತೆಂದು ಒಬ್ಬರ ಕಥೆ ಕೇಳಿ ನಂಬಿಬಿಡುವುದು ಬಹಳ ಸುಲಭ.

ಸ್ಟ್ಯಾನ್‌ಫರ್ಡಿನವರು ಸುಮ್ಮನೆ ಗಮನಿಸಿದ್ದರು, ಹೋಲಿಸಿರಲಿಲ್ಲ. ಆ ಕೆಲಸವನ್ನು ಬ್ರಿಟನ್ನಿನ ವೈದ್ಯರು ಮಾಡಿದರು. ರೋಗ ಹರಡಿದ್ದರೂ ತೊಂದರೆ ಕಾಣಿಸದ 309 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಕ್ಲೋರಾಂಬುಸಿಲ್ ಎಂಬ ಕೀಮೋ ಮಾತ್ರೆ ಕೊಟ್ಟರು, ಇನ್ನೊಂದು ಗುಂಪಿಗೆ ಅಗತ್ಯ ಬೀಳುವವರೆಗೆ ಏನನ್ನೂ ಕೊಡಲಿಲ್ಲ. ಹದಿನಾರು ವರ್ಷಗಳ ಮಧ್ಯಾಂಕ ಅವಧಿಯವರೆಗೆ ಅವರನ್ನು ಅನುಸರಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎರಡೂ ಗುಂಪಿನವರು ಬದುಕಿದ ಅವಧಿಯಲ್ಲಿ ಅರ್ಥಪೂರ್ಣವಾದ ವ್ಯತ್ಯಾಸವಿರಲಿಲ್ಲ. ಕಾಯುವ ಗುಂಪಿನಲ್ಲಿ ಹತ್ತು ವರ್ಷವಾದರೂ ಕೀಮೋ ಬೇಕಾಗದವರು ಶೇ. 19, ಎಪ್ಪತ್ತು ದಾಟಿದವರಲ್ಲಿ ಈ ಪ್ರಮಾಣ ಶೇ. 40ರಷ್ಟಿತ್ತು. ಮುಂಚೆ ಕೊಟ್ಟವರಿಗೆ ಲಾಭವಾಗಲಿಲ್ಲ, ಕಾದವರಿಗೆ ನಷ್ಟವಾಗಲಿಲ್ಲ. ಬೆಳಗಾವಿಯ ವೈದ್ಯರ ಮಾತಿಗೆ ಆಧಾರ ಇದು.

ಹಾಗಾದರೆ ಯಾವಾಗ ಶುರು ಮಾಡಬೇಕು? ಫ್ರಾನ್ಸಿನ ಸಂಶೋಧಕರು ಮಾಡಿಟ್ಟ ಅಳತೆಗೋಲನ್ನು ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಒಂದೇ ಗಂಟು ಏಳು ಸೆಂಟಿಮೀಟರ್ ಮೀರಿದ್ದರೆ, ಮೂರು ಬೇರೆ ಬೇರೆ ಕಡೆ ಮೂರು ಸೆಂಟಿಮೀಟರಿಗಿಂತ ದೊಡ್ಡ ಗಂಟುಗಳಿದ್ದರೆ, ಕಾರಣವಿಲ್ಲದ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ತೂಕ ಇಳಿಯುವುದು ಇದ್ದರೆ, ಗುಲ್ಮ ಬಾತಿದ್ದರೆ, ಎದೆಯಲ್ಲಿ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ರಕ್ತಕಣಗಳು ಕಡಿಮೆಯಾಗಿದ್ದರೆ, ಯಾವುದಾದರೂ ಅಂಗವನ್ನು ಗಂಟು ಒತ್ತುತ್ತಿದ್ದರೆ ಕಾಯುವ ಕಾಲ ಮುಗಿಯಿತೆಂದು ಅರ್ಥ. ರೋಗ ಒಂದೇ ಜಾಗದಲ್ಲಿ ಸಿಕ್ಕಿದ್ದರೆ ಕಾಯುವ ಬದಲು ಅಲ್ಲಿಗೆ ವಿಕಿರಣ ಕೊಡುವುದೇ ವಾಡಿಕೆ. ಹಾಗೆ ಪಡೆದ ಕೆಲವರು ಪೂರ್ತಿ ಗುಣವಾದದ್ದೂ ಉಂಟು. ಕಾಯುವುದೆಂದರೆ ಮರೆತು ಕೂರುವುದಲ್ಲ ಎಂಬುದಕ್ಕೆ ಇನ್ನೊಂದು ಕಾರಣವಿದೆ. ವರ್ಷಕ್ಕೆ ನೂರರಲ್ಲಿ ಇಬ್ಬರು ಮೂವರಲ್ಲಿ ಈ ನಿಧಾನದ ರೋಗ ಸ್ವಭಾವ ಬದಲಿಸಿ ವೇಗದ ಲಿಂಫೋಮಾ ಆಗುತ್ತದೆ. ಒಂದು ಗಂಟು ಮಾತ್ರ ಇದ್ದಕ್ಕಿದ್ದಂತೆ ಬೆಳೆದರೆ ಮುಂದಿನ ತಾರೀಖಿಗೆ ಕಾಯದೆ ಕೂಡಲೇ ಹೋಗಬೇಕು, ಮತ್ತೆ ಬಯಾಪ್ಸಿ ಮಾಡಿಸಬೇಕು.

ಬೆಳಗಾವಿಯ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗ

ಕ್ಲಿನಿಕಲ್ ಪ್ರಯೋಗವೆಂದರೆ ನಮ್ಮ ಜನರ ಮೇಲೆ ಹೊರಗಿನವರು ಔಷಧ ಹಾಕಿ ನೋಡುವುದು ಎಂಬ ಭಯ ನಮ್ಮಲ್ಲಿ ಗಟ್ಟಿಯಾಗಿದೆ. ಆದ್ದರಿಂದ ಲಿಂಫೋಮಾವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಇಲ್ಲೇ ನಡೆದ ಒಂದು ಪ್ರಯೋಗದ ಮೂಲಕ ಈ ವಿಧಾನವನ್ನು ವಿವರಿಸುತ್ತೇನೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರೂ ಅಮೆರಿಕದ ಸಂಶೋಧಕರೂ ಕೂಡಿ, ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಉಪಯೋಗವಾಗುತ್ತದೆಯೇ ಎಂದು ಪರೀಕ್ಷಿಸಿದರು. 1,620 ಬಾಣಂತಿಯರಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಅದರಂತೆಯೇ ಕಾಣುವ ತೋರಿಕೆಯ ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಮಾತ್ರೆ ಕೊಡುವ ನರ್ಸಮ್ಮನಿಗಾಗಲಿ ನುಂಗುವ ತಾಯಿಗಾಗಲಿ ಅದು ಯಾವುದೆಂದು ಗೊತ್ತಿರಲಿಲ್ಲ. ಹೆಚ್ಚಿನ ರಕ್ತಸ್ರಾವ ತೋರಿಕೆಯ ಮಾತ್ರೆಯವರಲ್ಲಿ ಶೇ. 12 ಇದ್ದರೆ, ನಿಜವಾದ ಮಾತ್ರೆಯವರಲ್ಲಿ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಭಾಗದ ಹೆಣ್ಣುಮಕ್ಕಳು ಕೊಟ್ಟ ಒಪ್ಪಿಗೆ ಬೇರೆ ದೇಶಗಳ ಬಾಣಂತಿಯರ ಜೀವಕ್ಕೂ ನೆರವಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ.

ಚೀಟಿ ಎತ್ತುವುದೇಕೆ ಎಂದರೆ, ವೈದ್ಯರೇ ಆರಿಸಿದರೆ ಗಟ್ಟಿಯಿದ್ದವರಿಗೆ ಹೊಸ ಔಷಧ, ಸೋತವರಿಗೆ ಹಳೆಯದು ಹೋಗಬಹುದು. ಆಮೇಲೆ ಕಂಡ ವ್ಯತ್ಯಾಸ ಔಷಧದ್ದೋ ಮೈಕಟ್ಟಿನದ್ದೋ ಹೇಳಲಾಗುವುದಿಲ್ಲ. ಕ್ಯಾನ್ಸರಿನ ಪ್ರಯೋಗಗಳಲ್ಲಿ ಚಿಕಿತ್ಸೆ ಬೇಕಾದ ರೋಗಿಗೆ ಬರೀ ತೋರಿಕೆಯ ಮಾತ್ರೆ ಕೊಟ್ಟು ಕೂರಿಸುವುದಿಲ್ಲ, ಆಗ ಚಾಲ್ತಿಯಲ್ಲಿರುವ ಉತ್ತಮ ಚಿಕಿತ್ಸೆಯ ಜೊತೆಗೇ ಹೊಸದನ್ನು ಹೋಲಿಸುತ್ತಾರೆ. ಬೆಳಗಾವಿಯ ಪ್ರಯೋಗಕ್ಕೂ ಲಿಂಫೋಮಾದ ಪ್ರಯೋಗಗಳಿಗೂ ಇರುವ ದೊಡ್ಡ ಅಂತರ ಕಾಲದ್ದು. ಹೆರಿಗೆಯ ರಕ್ತಸ್ರಾವದಲ್ಲಿ ಉತ್ತರ ಎರಡೇ ತಾಸಿನಲ್ಲಿ ಸಿಗುತ್ತದೆ. ರೋಗಿ ಇಪ್ಪತ್ತು ವರ್ಷ ಬದುಕುವ ಕಾಯಿಲೆಯಲ್ಲಿ, ಔಷಧ ಆಯುಷ್ಯ ಹೆಚ್ಚಿಸಿತೇ ಎಂದು ತಿಳಿಯಲು ಸಂಶೋಧಕರಿಗೂ ಇಪ್ಪತ್ತು ವರ್ಷ ಬೇಕು. ಅಷ್ಟು ಕಾಲ ಕಾಯಲಾಗದ್ದರಿಂದ ಅವರು ಬದಲಿ ಅಳತೆಗಳನ್ನು ಹಿಡಿಯುತ್ತಾರೆ: ಎಷ್ಟು ಜನರಲ್ಲಿ ಗಂಟು ಕುಗ್ಗಿತು, ಎಷ್ಟು ಜನರಲ್ಲಿ ಸ್ಕ್ಯಾನಿನಲ್ಲಿ ಏನೂ ಕಾಣದಾಯಿತು, ರೋಗ ಮತ್ತೆ ಮುಂದುವರಿಯದೆ ಎಷ್ಟು ಕಾಲ ನಿಂತಿತು. ಪತ್ರಿಕೆಗಳಲ್ಲಿ ‘ಹೊಸ ಔಷಧದಿಂದ ಶೇ. 50 ಲಾಭ’ ಎಂಬ ಸುದ್ದಿ ಬಂದಾಗ ಅದು ಬಹುತೇಕ ಇಂಥ ಬದಲಿ ಅಳತೆಯ ಲಾಭವಾಗಿರುತ್ತದೆ, ಆಯುಷ್ಯದ್ದಲ್ಲ. ಈ ಒಂದು ಭೇದ ತಿಳಿದರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಹತ್ತೂವರೆ ವರ್ಷದ ಲೆಕ್ಕ

ಬಿ ಕೋಶಗಳ ಮೈಮೇಲೆ ಸಿಡಿ-20 ಎಂಬ ಗುರುತು ಇರುತ್ತದೆ. ಆ ಗುರುತಿಗೆ ಮಾತ್ರ ಹೋಗಿ ಅಂಟಿಕೊಂಡು ಕೋಶವನ್ನು ಕೊಲ್ಲಿಸುವ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯಕ್ಕೆ 1997ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕ್ಯಾನ್ಸರಿಗೆಂದು ಅಲ್ಲಿ ಅನುಮತಿ ಪಡೆದ ಮೊದಲ ಮೊನೊಕ್ಲೋನಲ್ (ಒಂದೇ ಗುರಿಗೆಂದು ಪ್ರಯೋಗಾಲಯದಲ್ಲಿ ತಯಾರಿಸಿದ) ಪ್ರತಿಕಾಯ ಅದು, ಮತ್ತು ಅದು ಬಂದದ್ದೇ ನಿಧಾನಗತಿಯ ಲಿಂಫೋಮಾಕ್ಕಾಗಿ. ಚಿಕಿತ್ಸೆಯಾದ ಮೇಲೂ ರೋಗ ಮರಳಿದ್ದ 166 ರೋಗಿಗಳಿಗೆ ವಾರಕ್ಕೊಂದರಂತೆ ನಾಲ್ಕು ಸಲ ಕೊಟ್ಟಾಗ ಸುಮಾರು ಅರ್ಧದಷ್ಟು ಜನರಲ್ಲಿ ಗಂಟು ಗಣನೀಯವಾಗಿ ಕುಗ್ಗಿತ್ತು. ಮುಂದೆ ಹಳೆಯ ಕೀಮೋ ಜೊತೆಗೆ ಇದನ್ನು ಕೂಡಿಸಿ ನಡೆಸಿದ ಪ್ರಯೋಗಗಳಲ್ಲಿ, ಕೀಮೋ ಒಂದನ್ನೇ ಪಡೆದವರಿಗಿಂತ ಎರಡನ್ನೂ ಪಡೆದವರು ಹೆಚ್ಚು ಕಾಲ ಬದುಕಿದ್ದು ಸ್ಪಷ್ಟವಾಯಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ ಇದರ ಸಮಾನ ಔಷಧವನ್ನು ಭಾರತದಲ್ಲಿ ಬಿಡುಗಡೆ ಮಾಡಿದ್ದರಿಂದ ಬೆಲೆ ಇಳಿಯಿತು. ನಮ್ಮ ಭಾಗದ ರೋಗಿಗಳಿಗೆ ಇದು ಕೈಗೆಟುಕತೊಡಗಿದ್ದು ಆಮೇಲೆಯೇ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಹಳೆಯ ಹೆಪಟೈಟಿಸ್-ಬಿ ಸೋಂಕು ಯಕೃತ್ತಿನಲ್ಲಿ ಮಲಗಿದ್ದರೆ ಈ ಔಷಧದಿಂದ ಅದು ಎದ್ದು ಪ್ರಾಣಕ್ಕೇ ಎರವಾಗಬಲ್ಲದು, ಆದ್ದರಿಂದ ಮೊದಲ ಸಲೈನಿಗೆ ಮುಂಚೆ ಆ ರಕ್ತಪರೀಕ್ಷೆ ಆಗಿದೆಯೇ ಎಂದು ಮನೆಯವರು ಕೇಳಲೇಬೇಕು.

ಕೀಮೋ ಮುಗಿದ ಮೇಲೂ ಎರಡು ತಿಂಗಳಿಗೊಮ್ಮೆ ಎರಡು ವರ್ಷ ರಿಟುಕ್ಸಿಮ್ಯಾಬ್ ಮುಂದುವರಿಸಿದರೆ ಹೇಗೆ ಎಂಬುದನ್ನು ಪ್ರೈಮಾ ಎಂಬ ಪ್ರಯೋಗ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿತು. ಮುಂದುವರಿಸಿದವರಲ್ಲಿ ರೋಗ ಮರಳದೆ ನಿಂತ ಅವಧಿಯ ಮಧ್ಯಾಂಕ 10.5 ವರ್ಷ, ನಿಲ್ಲಿಸಿದವರಲ್ಲಿ 4.1 ವರ್ಷ. ಇಷ್ಟು ದೊಡ್ಡ ಅಂತರ ಕ್ಯಾನ್ಸರಿನ ಸಂಶೋಧನೆಯಲ್ಲಿ ಅಪರೂಪ. ಆದರೂ ಹತ್ತು ವರ್ಷದ ನಂತರ ಜೀವಂತವಿದ್ದವರನ್ನು ಎಣಿಸಿದಾಗ ಎರಡೂ ಗುಂಪಿನಲ್ಲಿ ನೂರಕ್ಕೆ ಎಂಬತ್ತರಷ್ಟು ಜನರಿದ್ದರು. ಮರಳಿದವರಿಗೆ ಮರಳಿದಾಗ ಚಿಕಿತ್ಸೆ ಕೊಟ್ಟರೂ ಆಯುಷ್ಯ ಕಡಿಮೆಯಾಗಲಿಲ್ಲ ಎಂದಾಯಿತು. ಮುಂದುವರಿಸಿದವರಲ್ಲಿ ಸೋಂಕುಗಳು ಹೆಚ್ಚಿದ್ದವು: ಶೇ. 24ರ ಬದಲು ಶೇ. 39. ಇದನ್ನು ಓದಿ ಒಬ್ಬರು ‘ಹತ್ತು ವರ್ಷ ಕೀಮೋದ ಮುಖ ನೋಡದಿರುವುದೇ ನನಗೆ ದೊಡ್ಡದು’ ಎನ್ನಬಹುದು. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಎರಡು ತಿಂಗಳಿಗೊಮ್ಮೆ ಮಗ ಕೆಲಸ ಬಿಟ್ಟು ಕರೆದೊಯ್ಯಬೇಕಾದ ಇನ್ನೊಬ್ಬರು ‘ಆಯುಷ್ಯ ಅಷ್ಟೇ ಎಂದಮೇಲೆ ಬೇಡ’ ಎನ್ನಬಹುದು. ನನ್ನ ದೃಷ್ಟಿಯಲ್ಲಿ ಇಬ್ಬರೂ ಸರಿ. ಅಂಕಿಗಳು ಹೇಳುವುದು ಏನಾಗುತ್ತದೆ ಎಂಬುದನ್ನು. ಯಾವುದು ಮುಖ್ಯ ಎಂಬುದನ್ನು ರೋಗಿಯೇ ಹೇಳಬೇಕು.

ಕಾಯುವ ರೋಗಿಗಳಿಗೆ ಕೀಮೋ ಬಿಟ್ಟು ಬರೀ ರಿಟುಕ್ಸಿಮ್ಯಾಬ್ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಬ್ರಿಟನ್ನಿನವರು ನೋಡಿ 2014ರಲ್ಲಿ ವರದಿ ಮಾಡಿದರು. ಮೂರು ವರ್ಷದ ಹೊತ್ತಿಗೆ ಹೊಸ ಚಿಕಿತ್ಸೆ ಬೇಕಾಗದೆ ಉಳಿದವರು ಕಾಯುವ ಗುಂಪಿನಲ್ಲಿ ಶೇ. 46, ಔಷಧವನ್ನು ಎರಡು ವರ್ಷ ಮುಂದುವರಿಸಿದ ಗುಂಪಿನಲ್ಲಿ ಶೇ. 88. ಇಲ್ಲಿಯೂ ಬದುಕಿದವರ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕೀಮೋದಲ್ಲಿಯೂ ಬದಲಾವಣೆಯಾಯಿತು, ಅದರ ಕಥೆ ವಿಚಿತ್ರವಾಗಿದೆ. ಬೆಂಡಾಮಸ್ಟಿನ್ ಎಂಬ ಔಷಧವನ್ನು 1960ರ ದಶಕದ ಆರಂಭದಲ್ಲಿ ಪೂರ್ವ ಜರ್ಮನಿಯ ಯೇನಾ ನಗರದಲ್ಲಿ ತಯಾರಿಸಿದ್ದರು. ಬರ್ಲಿನ್ ಗೋಡೆ ಬೀಳುವವರೆಗೆ ಹೊರಜಗತ್ತು ಅದನ್ನು ಬಲ್ಲದ್ದೇ ಕಡಿಮೆ. ಒಂದಾದ ಜರ್ಮನಿಯ ವೈದ್ಯರು 549 ರೋಗಿಗಳಲ್ಲಿ ಬೆಂಡಾಮಸ್ಟಿನ್ ಮತ್ತು ರಿಟುಕ್ಸಿಮ್ಯಾಬ್ ಜೋಡಿಯನ್ನು, ಅಲ್ಲಿಯವರೆಗೆ ರೂಢಿಯಲ್ಲಿದ್ದ ಆರ್-ಚಾಪ್ (ರಿಟುಕ್ಸಿಮ್ಯಾಬಿಗೆ ನಾಲ್ಕು ಹಳೆಯ ಔಷಧ ಕೂಡಿಸಿದ) ಚಿಕಿತ್ಸೆಯೊಂದಿಗೆ ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗ ಮುಂದುವರಿಯದೆ ನಿಂತ ಅವಧಿ 31 ತಿಂಗಳಿಂದ 69 ತಿಂಗಳಿಗೇರಿತು, ಕೂದಲೂ ಉದುರಲಿಲ್ಲ. ಇಂದು ನಮ್ಮ ದೇಶದಲ್ಲಿಯೂ ಮೊದಲ ಚಿಕಿತ್ಸೆಯಾಗಿ ಈ ಜೋಡಿ ಬಹಳ ಬಳಕೆಯಲ್ಲಿದೆ. ಇದು ಸೋಂಕು ತಡೆಯುವ ಟಿ ಕೋಶಗಳನ್ನು ತಿಂಗಳುಗಟ್ಟಲೆ ತಗ್ಗಿಸುತ್ತದೆ ಎಂಬುದನ್ನು ಕ್ಷಯ ಮನೆಮಾತಾಗಿರುವ ನಾಡಿನಲ್ಲಿ ಮರೆಯುವಂತಿಲ್ಲ. ರಿಟುಕ್ಸಿಮ್ಯಾಬಿನ ಜಾಗದಲ್ಲಿ, ಅದೇ ಸಿಡಿ-20 ಗುರುತಿಗೆ ಅಂಟುವ ಒಬಿನುಟುಜುಮ್ಯಾಬ್ ಎಂಬ ಹೊಸ ಪ್ರತಿಕಾಯವನ್ನು ಬಳಸಿದ ಗ್ಯಾಲಿಯಂ ಪ್ರಯೋಗ ಸ್ವಲ್ಪ ಲಾಭ ತೋರಿಸಿತು. ಕೀಮೋ ಇಲ್ಲದೆ ಲೆನಾಲಿಡೊಮೈಡ್ ಮಾತ್ರೆಯ ಜೊತೆ ರಿಟುಕ್ಸಿಮ್ಯಾಬ್ ಕೊಟ್ಟ ರೆಲೆವೆನ್ಸ್ ಪ್ರಯೋಗ, ಕೀಮೋದಷ್ಟೇ ಫಲವನ್ನು ಕೀಮೋ ಇಲ್ಲದೆಯೂ ಪಡೆಯಬಹುದೆಂದು ಸೂಚಿಸಿತು.

ಗಂಟು ಕುಗ್ಗಿದರೂ ಸೋತ ಔಷಧಗಳು

ಬದಲಿ ಅಳತೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕಳೆದ ಹತ್ತು ವರ್ಷಗಳ ಒಂದು ಪ್ರಕರಣ ಸಾಕು. ಬಿ ಕೋಶದೊಳಗಿನ ಪಿಐ-3 ಕೈನೇಸ್ ಎಂಬ ಸಂಕೇತವನ್ನು ತಡೆಯುವ ಐಡೆಲಾಲಿಸಿಬ್ ಮಾತ್ರೆಯನ್ನು 125 ರೋಗಿಗಳಿಗೆ ಕೊಟ್ಟಾಗ ಶೇ. 57 ಜನರಲ್ಲಿ ಗಂಟು ಕುಗ್ಗಿತು. ರಿಟುಕ್ಸಿಮ್ಯಾಬ್ ಮತ್ತು ಹಳೆಯ ಕೀಮೋ ಎರಡೂ ಸೋತಿದ್ದ ರೋಗಿಗಳು ಅವರು. ಹೋಲಿಕೆಯ ಗುಂಪಿಲ್ಲದ ಈ ಅಧ್ಯಯನದ ಮೇಲೆ 2014ರಲ್ಲಿ ಅಮೆರಿಕದಲ್ಲಿ ತ್ವರಿತ ಅನುಮತಿ ಸಿಕ್ಕಿತು. ಅದೇ ಜಾತಿಯ ಇನ್ನೂ ಮೂರು ಔಷಧಗಳು ಹಿಂದೆಯೇ ಬಂದವು. ಆದರೆ 2016ರಲ್ಲಿ, ಐಡೆಲಾಲಿಸಿಬನ್ನು ಬೇರೆ ಔಷಧಗಳ ಜೊತೆ ಕೂಡಿಸಿ ನಡೆಸುತ್ತಿದ್ದ ಪ್ರಯೋಗಗಳಲ್ಲಿ ಅದನ್ನು ಪಡೆದವರೇ ಹೆಚ್ಚು ಸಾಯುತ್ತಿದ್ದಾರೆಂದು ತಿಳಿದು ಆ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಸಾವಿನ ಕಾರಣ ಹೆಚ್ಚಾಗಿ ಲಿಂಫೋಮಾ ಆಗಿರಲಿಲ್ಲ, ಶ್ವಾಸಕೋಶದ ಮತ್ತು ಇತರ ಸೋಂಕುಗಳಾಗಿದ್ದವು. ಕರುಳು, ಯಕೃತ್ತು, ಶ್ವಾಸಕೋಶಗಳ ಉರಿಯೂತವೂ ಈ ಔಷಧಗಳ ಬೆನ್ನಿಗೇ ಬರುತ್ತಿತ್ತು.

2022ರ ಜನವರಿಯಲ್ಲಿ ಫಾಲಿಕ್ಯುಲರ್ ಲಿಂಫೋಮಾಕ್ಕೆ ಐಡೆಲಾಲಿಸಿಬ್ ಬಳಕೆಯನ್ನು ಅಮೆರಿಕದಲ್ಲಿ ಹಿಂತೆಗೆದುಕೊಂಡರು. 2021ರಲ್ಲಿ ಅನುಮತಿ ಪಡೆದಿದ್ದ ಅಂಬ್ರಾಲಿಸಿಬ್ ಮರುವರ್ಷವೇ ಹೋಯಿತು. 2023ರಲ್ಲಿ ಕೊಪಾನ್ಲಿಸಿಬ್ ಹೋಯಿತು. ಇವುಗಳಲ್ಲಿ ಕೆಲವು ರೋಗ ಮುಂದುವರಿಯುವುದನ್ನು ನಿಜವಾಗಿಯೂ ತಡೆದಿದ್ದವು, ಗಂಟು ನಿಜವಾಗಿಯೂ ಕುಗ್ಗಿತ್ತು. ಹೀಗಿದ್ದೂ ರೋಗಿಗೆ ಒಟ್ಟಿನಲ್ಲಿ ಕೇಡಾಗುವುದು ಹೇಗೆ ಸಾಧ್ಯ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ವೇಗದ ಕ್ಯಾನ್ಸರಿನಲ್ಲಿ ರೋಗವೇ ದೊಡ್ಡ ಅಪಾಯವಾದ್ದರಿಂದ ಔಷಧದ ಅಪಾಯ ಅದರ ಮುಂದೆ ಸಣ್ಣದಾಗಿ ಕಾಣುತ್ತದೆ. ರೋಗಿ ಹೇಗೂ ಅನೇಕ ವರ್ಷ ಬದುಕಲಿರುವ ಕಾಯಿಲೆಯಲ್ಲಿ, ಔಷಧದಿಂದ ನೂರಕ್ಕೆ ಮೂರು ನಾಲ್ಕು ಸಾವು ಹೆಚ್ಚಾದರೂ ಲಾಭವೆಲ್ಲ ಕೊಚ್ಚಿಹೋಗುತ್ತದೆ. ತ್ವರಿತ ಅನುಮತಿಯಲ್ಲಿ ಬರುವ ಹೊಸ ಔಷಧದ ಬಗ್ಗೆ ಹೋಲಿಕೆಯ ಪ್ರಯೋಗ ಮುಗಿಯುವವರೆಗೆ ತೀರ್ಪನ್ನು ತಡೆಹಿಡಿಯಬೇಕೆಂದು ನಾನು ವಾದಿಸುವುದು ಈ ಕಾರಣಕ್ಕೆ.

ಗುಳಿಗೆಯಿಂದ ಕರಗಿದ ಕ್ಯಾನ್ಸರ್

ಇದಕ್ಕೆ ತದ್ವಿರುದ್ಧವಾದ, ಮನಸ್ಸು ತುಂಬುವ ಒಂದು ಶೋಧವೂ ಇದೇ ಗುಂಪಿನಲ್ಲಿ ನಡೆದಿದೆ. ಜಠರದ ಒಳಪದರದಲ್ಲಿ ಹುಟ್ಟುವ ಮಾಲ್ಟ್ ಲಿಂಫೋಮಾ ಇರುವ ಬಹುಪಾಲು ಜನರ ಹೊಟ್ಟೆಯಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರುವುದನ್ನು ಲಂಡನ್ನಿನ ಸಂಶೋಧಕರು ಗಮನಿಸಿದರು. ಹೊಟ್ಟೆಹುಣ್ಣಿಗೆ ಕಾರಣವೆಂದು ತೋರಿಸಿ ಮಾರ್ಷಲ್ ಮತ್ತು ವಾರನ್ 2005ರಲ್ಲಿ ನೊಬೆಲ್ ಪಡೆದದ್ದು ಇದೇ ಬ್ಯಾಕ್ಟೀರಿಯಾಕ್ಕಾಗಿ. ಭಾರತದಲ್ಲಂತೂ ಇದು ಬಹಳ ಸಾಮಾನ್ಯ. ಬ್ಯಾಕ್ಟೀರಿಯಾ ನಿರಂತರವಾಗಿ ಕೆಣಕುವುದರಿಂದಲೇ ಈ ಕೋಶಗಳು ಬೆಳೆಯುತ್ತಿದ್ದರೆ, ಬ್ಯಾಕ್ಟೀರಿಯಾವನ್ನೇ ಕೊಂದರೆ ಹೇಗೆ? 1993ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದದ್ದು ಆರೇ ರೋಗಿಗಳು. ಸಾಧಾರಣ ಆ್ಯಂಟಿಬಯಾಟಿಕ್ ಕೊಟ್ಟಾಗ ಐವರಲ್ಲಿ ಲಿಂಫೋಮಾ ಮಾಯವಾಯಿತು. ಮುಂದೆ ದೊಡ್ಡ ಅಧ್ಯಯನಗಳೂ ಇದನ್ನು ಎತ್ತಿಹಿಡಿದು, ಆರಂಭದ ಹಂತದಲ್ಲಿ ಇದೇ ಮೊದಲ ಚಿಕಿತ್ಸೆಯಾಯಿತು. ಗುಲ್ಮದ ಲಿಂಫೋಮಾ ಜೊತೆಗೆ ಹೆಪಟೈಟಿಸ್-ಸಿ ಸೋಂಕೂ ಇದ್ದ ಒಂಬತ್ತು ಜನರಿಗೆ ಆ ವೈರಸ್ಸಿನ ಚಿಕಿತ್ಸೆ ಕೊಟ್ಟಾಗ ಏಳು ಜನರಲ್ಲಿ ಲಿಂಫೋಮಾ ಪೂರ್ತಿ ಹಿಮ್ಮೆಟ್ಟಿದ್ದನ್ನು ಫ್ರಾನ್ಸಿನ ವೈದ್ಯರು 2002ರಲ್ಲಿ ವರದಿ ಮಾಡಿದರು.

ವಿಕಿರಣದಲ್ಲಿಯೂ ಹೀಗೆಯೇ ಕಡಿಮೆಯಿಂದ ಕೆಲಸ ತೆಗೆಯುವ ಪ್ರಯತ್ನ ನಡೆದಿದೆ. ಹನ್ನೆರಡು ದಿನಗಳಲ್ಲಿ 24 ಗ್ರೇ (ವಿಕಿರಣದ ಅಳತೆ) ಕೊಡುವುದು ಮತ್ತು ಎರಡೇ ದಿನಗಳಲ್ಲಿ 4 ಗ್ರೇ ಕೊಡುವುದು ಇವೆರಡನ್ನೂ ಬ್ರಿಟನ್ನಿನ ಫೋರ್ಟ್ ಪ್ರಯೋಗ ಹೋಲಿಸಿತು. ಹೆಚ್ಚು ಕಾಲ ರೋಗವನ್ನು ತಡೆದದ್ದು 24 ಗ್ರೇ, ಆದರೆ 4 ಗ್ರೇ ಪಡೆದವರಲ್ಲಿಯೂ ಶೇ. 81ರಷ್ಟು ಗಂಟುಗಳು ಕುಗ್ಗಿದವು. ನೋವು ಕೊಡುವ ಒಂದು ಗಂಟಿಗಾಗಿ ವಯಸ್ಸಾದವರನ್ನು ಊರಿಂದ ದೂರ ಎರಡು ಮೂರು ವಾರ ಇರಿಸಬೇಕೇ, ಎರಡು ದಿನ ಸಾಕೇ ಎಂಬುದು ನಮ್ಮ ಕಡೆಯ ಮನೆಗಳಿಗೆ ಸಣ್ಣ ಪ್ರಶ್ನೆಯಲ್ಲ.

ಬೇಗ ಮರಳುವವರು

ಇಷ್ಟೆಲ್ಲ ಸಮಾಧಾನದ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಮೊದಲ ಚಿಕಿತ್ಸೆಯಾದ ಎರಡು ವರ್ಷದೊಳಗೆ ರೋಗ ಮರಳುವವರು ನೂರಕ್ಕೆ ಇಪ್ಪತ್ತರಷ್ಟು. ಅಮೆರಿಕದ 588 ರೋಗಿಗಳ ಮಾಹಿತಿಯ ಮೇಲೆ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಅಂಥವರಲ್ಲಿ ಐದು ವರ್ಷದ ನಂತರ ಜೀವಂತವಿದ್ದವರು ಅರ್ಧದಷ್ಟು. ಉಳಿದವರಲ್ಲಿ ಈ ಸಂಖ್ಯೆ ಶೇ. 90. ಹೊಸ ಸಂಶೋಧನೆಯ ಬಹುಪಾಲು ಶ್ರಮ ಇಂದು ಈ ಗುಂಪಿಗಾಗಿ ಮತ್ತು ಮತ್ತೆ ಮತ್ತೆ ಮರಳುವವರಿಗಾಗಿ ನಡೆಯುತ್ತಿದೆ. ಒಂದು ಕೈಯಿಂದ ರೋಗದ ಕೋಶವನ್ನು, ಇನ್ನೊಂದು ಕೈಯಿಂದ ರೋಗಿಯದೇ ಟಿ ಕೋಶವನ್ನು ಹಿಡಿದು ಎದುರುಬದುರು ತರುವ ಮೊಸುನೆಟುಜುಮ್ಯಾಬಿನಂಥ ಇಬ್ಬಗೆಯ ಪ್ರತಿಕಾಯಗಳು ಬಂದಿವೆ. 90 ರೋಗಿಗಳ ಅಧ್ಯಯನದಲ್ಲಿ ಶೇ. 60 ಜನರಲ್ಲಿ ರೋಗದ ಗುರುತೇ ಕಾಣದಾಯಿತು. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಲಿಂಫೋಮಾವನ್ನು ಗುರುತಿಸುವಂತೆ ತಿದ್ದಿ, ಮರಳಿ ಮೈಗೆ ಸೇರಿಸುವ ಕಾರ್-ಟಿ ಚಿಕಿತ್ಸೆ ಇನ್ನೊಂದು ದಾರಿ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಕೂಡಿ ರೂಪಿಸಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು; ವಿದೇಶದ ಬೆಲೆಯ ಹತ್ತನೇ ಒಂದರಷ್ಟಾದರೂ ಅದು ಇನ್ನೂ ಲಕ್ಷಗಳ ಲೆಕ್ಕವೇ. ಎರಡೂ ಬಗೆಯಲ್ಲಿ ತೀವ್ರ ಜ್ವರ, ರಕ್ತದೊತ್ತಡ ಕುಸಿತ, ಮಿದುಳಿನ ತೊಂದರೆ, ಆಮೇಲಿನ ಸೋಂಕುಗಳ ಅಪಾಯವಿದೆ. ಮೊದಮೊದಲ ಅನುಮತಿಗಳು ಬಂದದ್ದು ಹೋಲಿಕೆಯ ಗುಂಪಿಲ್ಲದ ಅಧ್ಯಯನಗಳ ಮೇಲೆಯೇ ಎಂಬುದನ್ನು, ಮೇಲೆ ಹೇಳಿದ ಮಾತ್ರೆಗಳ ಗತಿ ತಿಳಿದವರು ನೆನಪಿಡುವುದು ಒಳ್ಳೆಯದು.

ನಮ್ಮ ಕಡೆಯವರು ಪ್ರಯೋಗಕ್ಕೆ ಸೇರುವುದಾದರೆ

ಭಾರತದಲ್ಲಿ ನಡೆಯುವ ಪ್ರತಿಯೊಂದು ಔಷಧ ಪ್ರಯೋಗವನ್ನೂ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯವಾಗಿದೆ. ಅದನ್ನು ಯಾರು ಬೇಕಾದರೂ ದುಡ್ಡಿಲ್ಲದೆ ತೆರೆದು, ಯಾವ ರೋಗಕ್ಕೆ ಯಾವ ಆಸ್ಪತ್ರೆಯಲ್ಲಿ ಪ್ರಯೋಗ ನಡೆದಿದೆ ಎಂದು ನೋಡಬಹುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಶುರುವಾಗುವಂತಿಲ್ಲ, ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು. ಸೇರಿದ ಮೇಲೆ ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೆ ಸಾಮಾನ್ಯ ಚಿಕಿತ್ಸೆ ನಿಲ್ಲುವುದಿಲ್ಲ. ಇಂಗ್ಲಿಷಿನ ಕಾಗದದ ಮೇಲೆ ಅವಸರದಲ್ಲಿ ಸಹಿ ಕೇಳಿದರೆ ಕನ್ನಡದ ಪ್ರತಿ ಕೊಡಿ ಎನ್ನುವ ಹಕ್ಕು ನಮಗಿದೆ. ಮನೆಗೆ ಒಯ್ದು ಓದಿಸಿ, ಮರುದಿನ ಹೇಳುತ್ತೇವೆ ಎನ್ನಬಹುದು. ಯಾವ ಹಂತದ ಪ್ರಯೋಗ, ಹೋಲಿಕೆಯ ಗುಂಪಿಗೆ ಏನು ಕೊಡುತ್ತಾರೆ, ಎಷ್ಟು ಸಲ ಬರಬೇಕು, ಬಸ್ಸಿನ ಖರ್ಚು ಯಾರದು, ಪ್ರಯೋಗ ಮುಗಿದ ಮೇಲೆ ಔಷಧ ಮುಂದುವರಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ವಿಜಯಪುರ, ಬಾಗಲಕೋಟೆಯ ರೋಗಿಗಳು ಮಿರಜ, ಸೋಲಾಪುರ, ಹುಬ್ಬಳ್ಳಿ, ಬೆಂಗಳೂರು, ಮುಂಬೈ ಎಂದು ಅಲೆಯುವಾಗ ಪ್ರತಿ ಊರಿನಲ್ಲಿಯೂ ಹೊಸ ಫೈಲು ಶುರುವಾಗುತ್ತದೆ, ಹಳೆಯ ಕಾಗದಗಳು ಎಲ್ಲೋ ಉಳಿದುಬಿಡುತ್ತವೆ. ಹತ್ತಾರು ವರ್ಷ ನಡೆಯುವ ರೋಗದಲ್ಲಿ ಇದರಿಂದ ಆಗುವ ನಷ್ಟ ದೊಡ್ಡದು.

ಅದರಲ್ಲಿಯೂ ಒಂದನ್ನು ಎಲ್ಲರೂ ಮರೆಯುತ್ತಾರೆ. ತೆಗೆದ ಗಂಟನ್ನು ಪ್ರಯೋಗಾಲಯದವರು ಮೇಣದ ಸಣ್ಣ ಬ್ಲಾಕಿನಲ್ಲಿ ಕೂರಿಸಿ ಇಟ್ಟಿರುತ್ತಾರೆ. ಎಂಟು ವರ್ಷದ ನಂತರ ರೋಗ ಸ್ವಭಾವ ಬದಲಿಸಿದೆಯೇ ಎಂದು ಹೋಲಿಸಲು, ಆಗ ಬಂದಿರಬಹುದಾದ ಹೊಸ ಪರೀಕ್ಷೆ ಮಾಡಲು, ಅನೇಕ ಪ್ರಯೋಗಗಳಿಗೆ ಸೇರಲು ಆ ಬ್ಲಾಕ್ ಬೇಕಾಗುತ್ತದೆ, ಮತ್ತು ಅದನ್ನು ಕೇಳಿ ಪಡೆಯಲು ರೋಗಿಗೆ ಅವಕಾಶವಿದೆ. ನಾವು ಎರಡನೆಯ ಸಲ ಬೆಳಗಾವಿಗೆ ಹೋದಾಗ ಅರ್ಜಿ ಬರೆದುಕೊಟ್ಟು ಕಾಕಾನ ಬ್ಲಾಕನ್ನೂ ಗಾಜಿನ ಪಟ್ಟಿಗಳನ್ನೂ ತಂದೆವು. ಬಿಸಿಲು ತಾಗದಂತೆ, ವರದಿಗಳ ಮೂಲಪ್ರತಿ ಮತ್ತು ಮೂರು ತಿಂಗಳಿಗೊಮ್ಮೆ ಗಂಟಿನ ಅಳತೆ ಬರೆದಿಟ್ಟ ನೋಟ್‌ಪುಸ್ತಕದ ಜೊತೆ, ಕಾಕು ಅದನ್ನು ಹೊಲದ ಉತಾರದ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದಾರೆ.